ಬಿಲ್ ಇಲ್ಲದ ಕಲ್ಲು

"ಬ್ಯಾಗಲ್ಲಿ ಏನ್ ಮೇಡಂ?"

"ಕಲ್ಲು."

ಎಂ.ಜಿ. ರೋಡ್ ಮೆಟ್ರೋ ಸ್ಟೇಷನ್ನಿನಲ್ಲಿ ಶನಿವಾರ ಸಂಜೆ ಆರೂವರೆಗೆ ತಪಾಸಣೆಯ ಕ್ಯೂ ಎಷ್ಟುದ್ದ ಇರುತ್ತದೆ ಅಂತ ಗೊತ್ತಿರುವವರಿಗೆ ನನ್ನ ಹಿಂದೆ ನಿಂತಿದ್ದವರ ಮುಖ ಹೇಗಿತ್ತು ಅಂತ ಬೇರೆ ಹೇಳಬೇಕಾಗಿಲ್ಲ. ಸ್ಕ್ಯಾನರ್ ಮುಂದೆ ಕೂತಿದ್ದ ಹುಡುಗಿ ಬೆಲ್ಟನ್ನು ಹಿಂದಕ್ಕೆ ಓಡಿಸಿ ಇನ್ನೊಂದು ಸಲ ನೋಡಿದಳು. ಎಂಟು ಕೆಜಿ ಕಲ್ಲು, ಮೈತುಂಬ ತೂತು. ಎಕ್ಸ್‌ರೇಯಲ್ಲಿ ಅದು ಏನಾಗಿ ಕಂಡಿತೋ! ಜಿಪ್ ತೆಗೆಸಿದಳು. ಒಂದು ತುಂಡು ಎತ್ತಿ ಅಂಗೈಯಲ್ಲಿ ತೂಗಿ, "ಯಾರಿಗ್ ಹೊಡಿಯಕ್ಕೆ?" ಅಂದಳು. ನಗುತ್ತಲೇ ಅಂದಿದ್ದು.

"ಮೀನಿಗೆ. ಅಂದ್ರೆ ಹೊಡಿಯಕ್ಕಲ್ಲ, ಮೀನಿನ ಟ್ಯಾಂಕಿಗೆ."

"ಸಮುದ್ರದ್ದಾ? ಜೀವ ಇದೆಯಾ ಇದಕ್ಕೆ?"

"ಇಲ್ಲಪ್ಪ. ಒಣಕಲ್ಲು. ಡ್ರೈ ರಾಕ್ ಅಂತಾರೆ. ಜೀವಗೀವ ಏನಿಲ್ಲ."

"ಸರಿ, ಹೋಗಿ."

ಆ ಕೊನೆಯ ಮಾತನ್ನು ನಾನು ಅಷ್ಟು ಖಡಕ್ಕಾಗಿ ಹೇಳಿದ್ದು ಯಾವ ಧೈರ್ಯದ ಮೇಲೆ ಅಂತ ಆಮೇಲೆ ಬಹಳ ಸಲ ಯೋಚಿಸಿದ್ದೇನೆ.

ಟ್ಯಾಂಕು ನನ್ನದಲ್ಲ, ಮಾವನದು. ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಜೀವಮಾನವಿಡೀ ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡುಗಳನ್ನು ಪರೀಕ್ಷೆ ಮಾಡಿ 2015ರಲ್ಲಿ ರಿಟೈರ್ ಆದವರು. ಜೊತೆಯವರೆಲ್ಲ ಬಂದ ದುಡ್ಡಲ್ಲಿ ಹೊಸಕೋಟೆ ಕಡೆ ಸೈಟು ನೋಡುತ್ತಿದ್ದರೆ ಇವರು ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ಮಾಡಿಸಿಕೊಂಡು ಬಂದರಂತೆ. ಲೆಕ್ಕ ಹಾಕಿದರೆ ಸುಮಾರು 190 ಲೀಟರ್. ಕೆ.ಆರ್. ಪುರದ ದೇವಸಂದ್ರದ ನಮ್ಮ ಮನೆಯ ಹಾಲಿನಲ್ಲಿ ಟಿವಿಗೂ ದೇವರ ಕೋಣೆಗೂ ನಡುವೆ ಅದು ಕೂತಿದೆ. ಒಳಗೆ ಹದಿನಾಲ್ಕು ಕೆಜಿ ಕಲ್ಲಿನ ಗುಡ್ಡ, ಎರಡು ಕ್ಲೌನ್ ಮೀನು, ಒಂದು ನೀಲಿ ಡ್ಯಾಮ್ಸೆಲ್, ಬೆನ್ನ ಮೇಲೆ ಬಿಳಿ ಪಟ್ಟೆಯ ಒಂದು ಕೆಂಪು ಸಿಗಡಿ. ಕ್ಲೌನ್ ಮೀನುಗಳಲ್ಲಿ ದೊಡ್ಡದು ಹೆಣ್ಣು, ಮನೆ ಅದರದ್ದೇ. ಚಿಕ್ಕದು ಗಂಡು, ಅದು ಹೇಳಿದ ಹಾಗೆ ಕೇಳಿಕೊಂಡು ಹಿಂದೆ ಹಿಂದೆ ಓಡಾಡುತ್ತದೆ. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುತ್ತದೆ, ಅದು ಆಮೇಲಿನ ಕತೆ. ಮಾವ ದೊಡ್ಡದಕ್ಕೆ ಮೇಡಂ ಅಂತಲೂ ಚಿಕ್ಕದಕ್ಕೆ ಪ್ಯೂನಪ್ಪ ಅಂತಲೂ ಹೆಸರಿಟ್ಟಿದ್ದರು. "ಈ ಮನೇಲಿ ನಾವಿಬ್ರೇ ಪ್ಯೂನಪ್ಪಂದಿರು" ಅಂತ ಅತ್ತೆಗೆ ಕೇಳಿಸುವ ಹಾಗೆ ಹೇಳೋರು.

ನಾನು ಈ ಮನೆಗೆ ಬಂದಿದ್ದು 2022ರಲ್ಲಿ. ಊರು ಗಂಗೊಳ್ಳಿ ಪಕ್ಕ. ಮದುವೆಯಾದ ಹೊಸದರಲ್ಲಿ ನನ್ನ ಅಮ್ಮ ಬೆಂಗಳೂರಿಗೆ ಬಂದಾಗ ಮಾವ ಬಕೆಟ್ಟಿನಲ್ಲಿ ಆರ್‌ಒ ನೀರಿಗೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಪ್ಯಾಕೆಟ್ ಉಪ್ಪು ತೂಗಿ ಹಾಕಿ ಪಂಪಿನಲ್ಲಿ ಕದಡುತ್ತಿದ್ದರು. ಅಮ್ಮ ಸ್ವಲ್ಪ ಹೊತ್ತು ನೋಡಿ ನನ್ನನ್ನು ಅಡುಗೆಮನೆಗೆ ಕರೆದು, "ದುಡ್ ಕೊಟ್ಟ್ ಉಪ್ಪ್‌ನೀರ್ ಮಾಡುದಾ? ನಮ್ಮನಿ ಹಿಂದ್ ಇಪ್ಪುದ್ ಎಂತ ಮತ್ತೆ?" ಅಂದರು. ಅದೂ ಚಟ್ಲಿ ಸಾಕುವುದಕ್ಕೆ! ನಮ್ಮ ಕಡೆ ಚಟ್ಲಿಯನ್ನು ಏನು ಮಾಡುತ್ತೇವೆ ಅಂತ ಅತ್ತೆಯ ಎದುರು ಹೇಳಬೇಡಿ ಅಂತ ಅಮ್ಮನಿಗೆ ನಾನೇ ತಾಕೀತು ಮಾಡಬೇಕಾಯಿತು.

ಮಾರನೇ ವರ್ಷ ಮಾವ ಹೋದರು. ಗಂಡನಿಗೆ ಟ್ಯಾಂಕಿನ ಹತ್ತಿರ ನಿಲ್ಲಲೂ ಆಗುತ್ತಿರಲಿಲ್ಲ. ಅತ್ತೆ ಸಂಜೆ ಏಳಕ್ಕೆ ಬೆತ್ತದ ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂರುವರು, ಅಷ್ಟೆ. ಹಾಗಾಗಿ ನೋಡಿಕೊಳ್ಳುವ ಕೆಲಸ ನನ್ನದಾಯಿತು. ನಾನು ಸಾಫ್ಟ್‌ವೇರ್ ಟೆಸ್ಟಿಂಗಿನವಳು. ಮಾವನ ಹಸಿರು ರಟ್ಟಿನ ಲಾಗ್ ಬುಕ್ಕುಗಳನ್ನು ಕಟ್ಟಿ ಮೇಲಿಟ್ಟು ಗೂಗಲ್ ಶೀಟ್ ಮಾಡಿದೆ. ತಾಪಮಾನ 26, ಸಾಂದ್ರತೆ 1.025, ಅಮೋನಿಯಾ ಸೊನ್ನೆ. ಗ್ರಾಫ್ ಬೇರೆ. 2024ರ ಮಾರ್ಚಿನಲ್ಲಿ ನಮ್ಮ ಕಡೆ ಬೋರ್‌ವೆಲ್ಲುಗಳು ಬತ್ತಿ, ಬೀದಿಯೆಲ್ಲ ಟ್ಯಾಂಕರಿಗೆ ಕಾಯುತ್ತಿದ್ದಾಗಲೂ ಇದನ್ನು ನಿಭಾಯಿಸಿದೆ. ಒಂದು ಬಕೆಟ್ ಆರ್‌ಒ ನೀರಿಗೆ ಮೂರು ಬಕೆಟ್ ವೇಸ್ಟ್ ಹೋಗುತ್ತಲ್ಲ, ಅದರಲ್ಲೇ ಮನೆ ಒರೆಸಿ, ಬಟ್ಟೆ ನೆನೆಸಿ, ಪಕ್ಕದ ಮನೆಯವರ ಮುಖ ತಪ್ಪಿಸಿ. ಒಟ್ಟಿನಲ್ಲಿ ಏನೂ ಸತ್ತಿರಲಿಲ್ಲ. ಅದೇ ನನ್ನ ಅಪ್ರೈಸಲ್ಲು.

ಆದರೂ ಅದು ಮಾವನ ಟ್ಯಾಂಕೇ ಆಗಿತ್ತು. ಯಾವ ಕಲ್ಲು ಎಲ್ಲಿರಬೇಕು, ಯಾವ ಮೂಲೆ ಯಾರದ್ದು, ಎಲ್ಲ ನಾನು ಬರುವ ಮೊದಲೇ ತೀರ್ಮಾನವಾಗಿತ್ತು. ಹೊಸದಾಗಿ ಸಂಸಾರಕ್ಕೆ ಬಂದವರಿಗೆ ಇದು ಅರ್ಥವಾದೀತು. ಪಾತ್ರೆ ಯಾವ ಶೆಲ್ಫಿನಲ್ಲಿ ಅಂತ ಕೇಳಿ ಕೇಳಿ ಇಡುವ ಹಾಗೆ.

ಹಾಗಿರುವಾಗ ಒಂದು ರಾತ್ರಿ ಗುಡ್ಡದ ಹಿಂಭಾಗ ಕುಸಿಯಿತು. ಎಡ ಮೂಲೆಯಲ್ಲಿ ಒಂದಡಿ ಖಾಲಿ ಜಾಗ. ಸತ್ಯ ಹೇಳುತ್ತೇನೆ, ನನಗೆ ಖುಷಿಯಾಯಿತು.

ಮೊದಲು ಹಳೆಯ ಕಲ್ಲು ಎಲ್ಲಿಂದ ತಂದಿದ್ದು ನೋಡೋಣ ಅಂತ ಲಾಗ್ ಬುಕ್ ಇಳಿಸಿದೆ. ಮಾವ ಎಂಥ ಮನುಷ್ಯ ಅಂದರೆ, ಒಂದು ಥರ್ಮಾಮೀಟರಿನ ಬಿಲ್ಲನ್ನೂ ಗೋಂದು ಹಚ್ಚಿ ಅಂಟಿಸಿದ್ದಾರೆ. ಗಾಜಿಗೆ ಬಿಲ್ಲು, ಪಂಪಿಗೆ ಬಿಲ್ಲು, ಉಪ್ಪಿಗೆ ಬಿಲ್ಲು. 2015ರ ಆಗಸ್ಟ್ ಪುಟದಲ್ಲಿ ಮಾತ್ರ ಬರೀ ಒಂದು ಸಾಲು: "ಕಲ್ಲು 14 ಕೆಜಿ (ಲೈವ್). ಬಿಲ್ ಇಲ್ಲ."

ಲೈವ್ ರಾಕ್ ಅಂದರೆ ಕಲ್ಲಿಗೆ ಜೀವ ಇದೆ ಅಂತಲ್ಲ. ಸತ್ತ ಹವಳದ ಬಂಡೆ, ಅದರ ತೂತುಗಳೊಳಗೆ ಸಮುದ್ರದ ಬ್ಯಾಕ್ಟೀರಿಯಾ, ಹುಳು, ಸ್ಪಂಜು, ಪಾಚಿ ಎಲ್ಲ ಸಂಸಾರ ಹೂಡಿರುತ್ತವೆ. ಮೀನಿನ ಟ್ಯಾಂಕಿನ ನಿಜವಾದ ಫಿಲ್ಟರ್ ಅದೇ. ಮೀನಿನ ಹೇಲು, ತಿಂದುಳಿದ ಊಟ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ನೈಟ್ರೇಟ್ ಮಾಡುತ್ತದೆ. ಮೊದಲನೆಯದು ವಿಷ, ಎರಡನೆಯದೂ ವಿಷ, ಮೂರನೆಯದನ್ನು ತಕ್ಕಮಟ್ಟಿಗೆ ತಡೆದುಕೊಳ್ಳಬಹುದು. ಈ ಕೆಲಸದವರೆಲ್ಲ ಇರುವುದು ನೀರಿನಲ್ಲಲ್ಲ, ಕಲ್ಲಿನ ಮೈಮೇಲೆ. ಸೋಮಾರಿಗಳಲ್ಲ, ಆದರೆ ಸಂಖ್ಯೆ ಬೆಳೆಸುವುದರಲ್ಲಿ ಬಹಳ ನಿಧಾನ. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೆ ಎರಡರಷ್ಟಾದರೆ ಇವಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಅಂದರೆ ಹಳೇ ಟ್ಯಾಂಕಿನಲ್ಲಿ ಎಷ್ಟು ಊಟವೋ ಅಷ್ಟೇ ಕೆಲಸಗಾರರು ಇರುತ್ತಾರೆ. ಬೆಂಚಿನ ಮೇಲೆ ಕೂತ ಎಕ್ಸ್‌ಟ್ರಾ ಜನ ಇಲ್ಲ.

ಇನ್ನು ಬಿಲ್ ಯಾಕಿಲ್ಲ ಅಂತ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟಕ್ಕೆ 2001ರಲ್ಲಿ ಬಂಡೆ ಕಟ್ಟುವ ಹವಳಗಳನ್ನೆಲ್ಲ ಸೇರಿಸಿದರು. ಹುಲಿ, ಆನೆ ಇರುವ ಅದೇ ಪಟ್ಟಿ. ಅದಕ್ಕೂ ಮುಂಚೆ ತೂತುಕುಡಿಯಿಂದ ರಾಮೇಶ್ವರದವರೆಗಿನ ಮನ್ನಾರ್ ಕೊಲ್ಲಿಯಲ್ಲಿ ಹವಳವನ್ನು ದೋಣಿಗಟ್ಟಲೆ ಕಿತ್ತು ಸುಣ್ಣಕ್ಕೆ, ಮನೆಯ ಗೋಡೆಗೆ ಬಳಸಿದ್ದರು. 1986ರಲ್ಲಿ ಅಲ್ಲಿನ 21 ದ್ವೀಪಗಳನ್ನು ಸೇರಿಸಿ ಸಾಗರ ರಾಷ್ಟ್ರೀಯ ಉದ್ಯಾನ ಮಾಡಿದ ಮೇಲೂ ಕೀಳುವುದು ಪೂರ್ತಿ ನಿಲ್ಲಲಿಲ್ಲ. ಆ 21ರಲ್ಲಿ ಎರಡು ದ್ವೀಪಗಳು ಈಗ ನೀರಿನ ಕೆಳಗಿವೆ. ಅಲೆಗಳಿಗೆ ಅಡ್ಡ ನಿಲ್ಲುತ್ತಿದ್ದ ಹವಳದ ಗೋಡೆಯನ್ನೇ ಕಿತ್ತರೆ ಮರಳು ಎಷ್ಟು ದಿನ ನಿಂತೀತು? ಹಾಗಾಗಿ ಲೈವ್ ರಾಕಿಗೆ ಬಿಲ್ ಕೊಡುವವರು ಯಾರೂ ಇಲ್ಲ. ಒದ್ದೆ ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ.

ಮಾವನ ಮೇಲೆ ಸಿಟ್ಟು ಬಂತು ಅಂದರೆ ಸುಳ್ಳು. ಬಂದಿದ್ದು ಒಂದು ಥರದ ಹೆಮ್ಮೆ, ನನ್ನ ಮೇಲೆ. ನಾನು ಹಾಗೆ ಮಾಡುವವಳಲ್ಲ ಅನ್ನುವ ಹೆಮ್ಮೆ. ನಾನು ಡ್ರೈ ರಾಕ್ ತರುತ್ತೇನೆ, ಬಿಲ್ ಸಮೇತ.

ಶಿವಾಜಿನಗರದ ಒಂದು ಓಣಿ. ಅಂಗಡಿಯ ಹೆಸರು ಬೇಡ. "ಮೇಡಂ, ಲೈವೇ ಬೇಕಾದ್ರೂ ಇದೆ, ಹೊರಗ್ ಇಟ್ಟಿಲ್ಲ ಅಷ್ಟೆ" ಅಂದ. ಬೇಡಪ್ಪಾ ಅಂದೆ, ಸ್ವಲ್ಪ ಜೋರಾಗಿಯೇ. ಮೂಲೆಯ ಗೋಣಿಚೀಲದಿಂದ ಒಣಕಲ್ಲು ಆರಿಸಿಕೊಂಡೆ. ಕಮಾನಿನ ಹಾಗಿದ್ದದ್ದು ಒಂದು, ಗೋಪುರದ ಹಾಗಿದ್ದದ್ದು ಒಂದು. ಬಿಲ್ ಕೇಳಿದೆ. ಬರೆದುಕೊಟ್ಟ: ಡೆಕೋರೇಷನ್ ಸ್ಟೋನ್, 8 ಕೆಜಿ. "ಸುಮ್ನೆ ತೊಳ್ದು ಹಾಕಿ, ಏನೂ ಆಗಲ್ಲ." ಆಟೋ ಹಿಡಿದು ರಸೆಲ್ ಮಾರ್ಕೆಟ್ ಮುಂದೆ ಹಾದು ಬರುವಾಗ ಒಣಮೀನಿನ ವಾಸನೆ ಬಡಿಯಿತು. ಊರು ನೆನಪಾಯಿತು. ಆಮೇಲೆ ಮೆಟ್ರೋ, ಆ ಹುಡುಗಿ, ಆ ಕ್ಯೂ.

ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಕಲ್ಲು ತೊಳೆದೆ. ಈಗ ಹೇಳುವ ವಿಷಯವನ್ನು ಗಮನವಿಟ್ಟು ಕೇಳಿ, ಯಾಕಂದರೆ ನಾನು ಗಮನ ಕೊಡಲಿಲ್ಲ. ನೀರು ಬೀಳುತ್ತಿದ್ದ ಹಾಗೆ ಕಲ್ಲಿನಿಂದ ಒಂದು ವಾಸನೆ ಎದ್ದಿತು. ಗಂಗೊಳ್ಳಿ ಬಂದರಿನ ವಾಸನೆ. ಬಲೆ ಒಣಗಿಸುವ ಜಾಗದ್ದು, ಮಳೆಗಾಲದ ಮೊದಲ ಮಳೆ ಬಿದ್ದಾಗ ದಕ್ಕೆಯಿಂದ ಏಳುವಂಥದ್ದು. ನಾನು ಕಣ್ಣು ಮುಚ್ಚಿ ಮೂಸಿದೆ. ಬೆಂಗಳೂರಿನ ಬಚ್ಚಲಲ್ಲಿ ಮಂಡಿಯೂರಿ ಕೂತು ಕಲ್ಲು ಮೂಸುತ್ತಿರುವ ಹೆಂಗಸು! ಮೀನು ಕೊಳೆತರೆ ಹೇಗೆ ನಾರುತ್ತದೆ ಅಂತ ಹುಟ್ಟಿದಾಗಿನಿಂದ ಗೊತ್ತಿರುವ ನಾನು, ಅದನ್ನು ಅಪಾಯ ಅಂತ ಓದದೆ ತವರು ಅಂತ ಓದಿಕೊಂಡೆ.

ಎಂಟೂ ಕೆಜಿಯನ್ನು ಒಂದೇ ಸಲ ಹಾಕಿದೆ. ಹೊಸದಕ್ಕೆ ಜಾಗ ಮಾಡಲು ಹಳೆಯದನ್ನೂ ಅತ್ತಿತ್ತ ಸರಿಸಿದೆ. ಕಮಾನು ಚೆನ್ನಾಗಿ ಬಂತು. ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಅತ್ತೆ ಸಂಜೆ ಬಂದು ಕೂತರು, ತುಂಬಾ ಹೊತ್ತು ನೋಡಿದರು. "ಎಲ್ಲಾ ಒಂದೇ ದಿನ ಹಾಕ್ಬಿಟ್ಯೇನಮ್ಮ?" ಅಂದರು. "ಹೂಂ ಅತ್ತೆ, ಚೆನ್ನಾಗಿದೆ ಅಲ್ವಾ?" ಅಂದೆ. ಅವರು ಏನೂ ಹೇಳಲಿಲ್ಲ.

ಮೊದಲ ದಿನವೇ ಜಗಳ. ಡ್ಯಾಮ್ಸೆಲ್ಲಿನ ಬಿಲ ಎಲ್ಲಿಗೋ ಹೋಗಿತ್ತು. ಅದು ಕಮಾನು ತನ್ನದು ಅಂದಿತು, ಮೇಡಂ ತನ್ನದು ಅಂದಳು. ಮಧ್ಯೆ ಸಿಕ್ಕಿ ಪ್ಯೂನಪ್ಪನ ಬಾಲದ ರೆಕ್ಕೆ ಹರಿಯಿತು. ಕಲ್ಲು ಸರಿಸಿದರೆ ಮೀನುಗಳ ಲೆಕ್ಕದಲ್ಲಿ ಊರಿಗೆ ಊರೇ ಅಳಿಸಿ ಬರೆದ ಹಾಗೆ, ಎಲ್ಲ ಸರ್ವೇ ನಂಬರೂ ಮತ್ತೆ ಮೊದಲಿನಿಂದ. ಬುಧವಾರ ರಾತ್ರಿ ಆಫೀಸ್ ಕಾಲ್ ಮುಗಿಸಿ ಹನ್ನೆರಡೂವರೆಗೆ ಲೈಟ್ ಹಾಕಿದರೆ ಮೂರು ಮೀನೂ ಮೇಲ್ಗಡೆ ನೀರಿನ ಅಂಚಿಗೆ ಬಾಯಿ ಹಚ್ಚಿಕೊಂಡಿವೆ. ಕಿವಿರು ಪಟಪಟ ಬಡಿಯುತ್ತಿದೆ. ಸಿಗಡಿ ಮಗುಚಿ ಬಿದ್ದಿತ್ತು.

ಆ ಸಿಗಡಿಯ ಬಗ್ಗೆ ಒಂದು ಮಾತು. ಅದು ಕ್ಲೀನರ್ ಶ್ರಿಂಪ್, ದೊಡ್ಡ ಮೀನುಗಳ ಮೈಮೇಲಿನ ಕೊಳೆ ತಿಂದು ಬದುಕುವ ಜಾತಿ. ಮಾವ ಸಂಜೆ ಹೊತ್ತು ಕೈ ಮುಳುಗಿಸಿದರೆ ಓಡಿ ಬಂದು ಉಗುರಿನ ಸಂದಿಯನ್ನೆಲ್ಲ ಹೆಕ್ಕಿ ಹೆಕ್ಕಿ ಸ್ವಚ್ಛ ಮಾಡುತ್ತಿತ್ತು. ಮಾವನ ಕಡೆಯ ದಿನಗಳಲ್ಲಿ ಅವರ ಮುಖದಲ್ಲಿ ನಗು ನೋಡಿದ್ದು ನಾನು ಆ ಹೊತ್ತಿನಲ್ಲಿ ಮಾತ್ರ.

ಟೆಸ್ಟ್ ಕಿಟ್ಟಿನಲ್ಲಿ ಹನಿ ಹಾಕಿ ಅಲ್ಲಾಡಿಸಿದೆ. ಹಳದಿ ಇರಬೇಕಾದದ್ದು ಹಸಿರಾಯಿತು. ಅಮೋನಿಯಾ 0.5. ಸಮುದ್ರದ ನೀರು ಕ್ಷಾರ ಜಾಸ್ತಿ, ಪಿಎಚ್ ಎಂಟರ ಮೇಲಿರುತ್ತದೆ. ಪಿಎಚ್ ಏರಿದಷ್ಟೂ ಅಮೋನಿಯಾ ಹೆಚ್ಚು ಕಚ್ಚುತ್ತದೆ. ಸಿಹಿನೀರಿನ ಟ್ಯಾಂಕಿನಲ್ಲಿ ಹೇಗೋ ತಡೆದುಕೊಳ್ಳುವ ಪ್ರಮಾಣ ಇಲ್ಲಿ ನಡೆಯುವುದಿಲ್ಲ. ಒಣಕಲ್ಲಿನ ತೂತುಗಳೊಳಗೆ ಎಂದೋ ಸತ್ತು ಒಣಗಿ ಕೂತಿದ್ದ ಸ್ಪಂಜು, ಹುಳ ಎಲ್ಲ ನೀರು ಕಂಡು ಉಬ್ಬಿ ಕೊಳೆಯಲು ಶುರುವಾಗಿದ್ದವು. ಅದೇ ನನ್ನ ಬಂದರಿನ ವಾಸನೆ.

ಗಂಡ ಊರಲ್ಲಿರಲಿಲ್ಲ. ನಾನು ಫೋನಿನಲ್ಲಿ ಏನೇನೋ ಹುಡುಕುತ್ತ ನಿಂತಿದ್ದೆ. ಹಿಂದಿನಿಂದ ಅತ್ತೆಯ ದನಿ.

"ಎಷ್ಟು ಬಂತು?"

"ಪಾಯಿಂಟ್ ಫೈವ್."

"ಕಲ್ಲು ತೆಗಿ ಮೊದ್ಲು. ಹೊಸದು ಪೂರ್ತಿ. ಗಾಳಿ ಪಂಪು ಮಂಚದ ಕೆಳಗಿದೆ. ಕಲಸಿಟ್ಟ ನೀರು ಎಷ್ಟಿದೆ?"

"ಇಪ್ಪತ್ತು ಲೀಟರ್."

"ಇನ್ನೂ ಇಪ್ಪತ್ತು ಬೇಕು. ಉಪ್ಪು ತೂಗು. ಏಳ್ನೂರು ಗ್ರಾಂ."

ಇಪ್ಪತ್ತನ್ನು ಮೂವತ್ತೈದರಿಂದ ಗುಣಿಸಲು ನನಗೆ ಬೇಕಾದ ಹೊತ್ತಿಗಿಂತ ಕಡಿಮೆ ಹೊತ್ತಿನಲ್ಲಿ ಹೇಳಿದರು. ಸೀರೆ ಎತ್ತಿ ಕಟ್ಟಿ, ಅರವತ್ತೈದು ವರ್ಷದ ಹೆಂಗಸು, ಪೈಪಿನ ಒಂದು ತುದಿ ಹಿಡಿದು ನೀರು ಎಳೆದು ಬಕೆಟ್ಟಿಗೆ ಬಿಟ್ಟರು. ಹೊಸ ನೀರನ್ನು ಬೆರಳು ಅಡ್ಡ ಹಿಡಿದು ನಿಧಾನಕ್ಕೆ ಸುರಿದರು. ಇದನ್ನು ಮೊದಲ ಸಲ ಮಾಡುತ್ತಿರುವವರ ಕೈ ಅದಾಗಿರಲಿಲ್ಲ. ಎರಡೂವರೆಗೆ ಎಲ್ಲ ಮುಗಿಯಿತು. ನೆಲವೆಲ್ಲ ಉಪ್ಪುನೀರು. ನಾನು ಒರೆಸುತ್ತಿದ್ದಾಗ ಅತ್ತೆ ಕುರ್ಚಿಯಲ್ಲಿ ಕೂತು, "2021ರ ಬುಕ್ಕು ತಗೊಂಡ್ ಬಾ, ಮೇ ತಿಂಗ್ಳು ನೋಡು" ಅಂದರು.

ಮಾವನ ಅಕ್ಷರ ಉದ್ದುದ್ದ, ಬಲಕ್ಕೆ ಬಾಗಿದ್ದು. 2021ರ ಮೇ 6ರಿಂದ ಅಕ್ಷರ ಬೇರೆ. ದುಂಡಗೆ, ಹಲಸೂರಿನ ಸ್ಕೂಲಿನಲ್ಲಿ ಕಾಪಿ ತಿದ್ದಿ ಕಲಿತ ಅಕ್ಷರ. ಕೋವಿಡ್ಡಿನ ಎರಡನೇ ಅಲೆಯಲ್ಲಿ ಮಾವ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದರು ಅಂತ ನನಗೆ ಗೊತ್ತಿತ್ತು, ಗಂಡ ಪುಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದ ಅಂತಲೂ ಗೊತ್ತಿತ್ತು. ಹತ್ತೊಂಬತ್ತು ದಿನ ಈ ಮನೆಯಲ್ಲಿ ಇದ್ದವರು ಯಾರು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಮೇ 11ರ ಪುಟದಲ್ಲಿ ಇತ್ತು: "ಕರೆಂಟ್ 7 ಗಂಟೆ ಇಲ್ಲ. ಅಮೋನಿಯ 0.5. ಮೀನು ಮೇಲೆ. ಊಟ ಬಂದ್. 40 ಲೀ. ಬದಲು. ಇವರಿಗೆ ಹೇಳಿಲ್ಲ."

"ಫೋನಲ್ಲಿ ಕೇಳ್ಕೊಂಡ್ರಾ ಹೇಗ್ ಮಾಡೋದು ಅಂತ?"

"ಅವ್ರಿಗೆಲ್ಲಮ್ಮ ಮಾತಾಡಕ್ಕಾಗ್ತಿತ್ತು? ಮೂಗಿಗೆ ಹಾಕಿದ್ರು. ಹಿಂದಿನ್ ಬುಕ್ಕು ಓದ್ಕೊಂಡೆ. ಹಲಸೂರ್ ಕೆರೇದು ಬರ್ದಿದಾರಲ್ಲ, ಅದು."

2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನಿಮಗೂ ನೆನಪಿರಬಹುದು. ಪೇಪರಿನಲ್ಲೆಲ್ಲ ಫೋಟೋ ಬಂದಿತ್ತು. ಚರಂಡಿ ನೀರು ಸೇರಿ ಕರಗಿದ ಆಮ್ಲಜನಕ ತೀರಾ ಇಳಿದಿತ್ತು. ಮಾವ ಟೆಸ್ಟ್ ಕಿಟ್ ಹಿಡಿದುಕೊಂಡು ತಮ್ಮ ಬಾಲ್ಯದ ಕೆರೆಗೆ ಹೋಗಿದ್ದಾರೆ! ಒಂದೂವರೆ ಪುಟ ಬರೆದಿದ್ದಾರೆ. ಮೀನು ಮೇಲೆ ಬಂದು ಬಾಯಿ ತೆರೆದರೆ ಮೊದಲು ಗಾಳಿ, ಆಮೇಲೆ ನೀರು, ಊಟ ಖಂಡಿತ ಬೇಡ, ಹೀಗೆ. ಅದನ್ನು ಓದಿಕೊಂಡು ಅತ್ತೆ ಐದು ವರ್ಷದ ಮೇಲೆ ಈ ಟ್ಯಾಂಕನ್ನು ಉಳಿಸಿದ್ದರು. ಮಾವ ವಾಪಸ್ ಬಂದ ಮೇಲೂ ಅವರಿಗೆ ಬಕೆಟ್ ಎತ್ತುವ ಶಕ್ತಿ ಬರಲಿಲ್ಲ. ಆಮೇಲಿನ ಪುಟಗಳಲ್ಲಿ ಅಂಕಿ ಮಾವನದು, ಕೆಲಸ ಅತ್ತೆಯದು. ಅವರು ಹೋದ ವಾರವೇ ನಾನು ಹೊಸ ಸೊಸೆಯ ಉತ್ಸಾಹದಲ್ಲಿ ಬುಕ್ಕು ಕಟ್ಟಿಟ್ಟು ಗೂಗಲ್ ಶೀಟ್ ತೆರೆದಿದ್ದೆ.

"ಮತ್ತೆ ನೀವ್ಯಾಕೆ ಹೇಳ್ಲಿಲ್ಲ ಅತ್ತೆ? ಕಲ್ಲು ಹಾಕ್ದಾಗ್ಲೇ ಗೊತ್ತಾಯ್ತಲ್ಲ ನಿಮ್ಗೆ?"

"ನೀನು ಕೇಳ್ಬೇಕಿತ್ತಲ್ಲ." ಸ್ವಲ್ಪ ಹೊತ್ತು ಬಿಟ್ಟು, "ನಿನ್ನದೂ ಒಂದು ಇರ್ಲಿ ಅನ್ನಿಸ್ತು" ಅಂದರು.

ಸಿಗಡಿಯನ್ನು ಮಾರನೇ ದಿನ ತುಳಸಿಯ ಬುಡದಲ್ಲಿ ಹಾಕಿದೆವು. ಪ್ಯೂನಪ್ಪ ಮೂರು ದಿನ ಮರಳಿನ ಮೇಲೆ ಮಲಗಿದ್ದ. ನಾಲ್ಕನೇ ದಿನ ಎದ್ದ.

ಕಲ್ಲಿನ ಕತೆ ಅಲ್ಲಿಗೆ ಮುಗಿಯಲಿಲ್ಲ. ತೆಗೆದಿಟ್ಟ ಎಂಟು ಕೆಜಿಯನ್ನು ಬಕೆಟ್ಟಿನ ಉಪ್ಪುನೀರಿನಲ್ಲಿ ಮುಳುಗಿಸಿ, ಕತ್ತಲಲ್ಲಿಟ್ಟು, ವಾರಕ್ಕೊಮ್ಮೆ ನೀರು ಬದಲಿಸಬೇಕು, ಅಮೋನಿಯಾ ಸೊನ್ನೆಗೆ ಬರುವವರೆಗೆ. ನಿಜಕ್ಕೂ ಟ್ಯಾಂಕಿಗೆ ಹಾಕುವ ಮೊದಲೇ ಮಾಡಬೇಕಾಗಿದ್ದ ಕೆಲಸ ಇದು. ಆರು ವಾರ, ಎರಡು ತಿಂಗಳು, ಕೆಲವು ಕಲ್ಲಿಗೆ ಇನ್ನೂ ಹೆಚ್ಚು. ಅಮೋನಿಯಾ ಹೋದರೂ ಫಾಸ್ಫೇಟ್ ಬೇಗ ಹೋಗುವುದಿಲ್ಲ, ಸುಣ್ಣದ ಕಲ್ಲಿಗೆ ಅದು ಅಂಟಿಕೊಂಡಿದ್ದು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಬಿಡುತ್ತಿರುತ್ತದೆ, ಗಾಜಿಗೆಲ್ಲ ಪಾಚಿ ಹಿಡಿಯುತ್ತದೆ. ಅದನ್ನು ಹೀರಲು ಒಂದು ಕಂದು ಹರಳಿನ ಪುಡಿ ಸಿಗುತ್ತದೆ, ವಿಪರೀತ ರೇಟು. ಲೇಬಲ್ ಓದಿದರೆ ಫೆರಿಕ್ ಆಕ್ಸೈಡ್. ಅಂದರೆ ತುಕ್ಕು. ಫೋನಿನಲ್ಲಿ ಅಮ್ಮನಿಗೆ ಇದೆಲ್ಲ ಹೇಳುತ್ತಿದ್ದರೆ ಅವರು, "ತೂತಿನ್ ಕಲ್ಲೇ ಬೇಕಾರೆ ಮುರಕಲ್ಲ್ ಇಲ್ಯಾ?" ಅಂದರು. ನಕ್ಕೆ. ಆಮೇಲೆ ಹೊಳೆಯಿತು, ನಮ್ಮ ಮುರಕಲ್ಲಿನ ಕೆಂಪೂ ಅದೇ ಕಬ್ಬಿಣದ ತುಕ್ಕೇ. ನಾನು ಗ್ರಾಂ ಲೆಕ್ಕದಲ್ಲಿ ಕೊಂಡದ್ದರ ದೂರದ ನೆಂಟನ ಮೇಲೆಯೇ ನಮ್ಮ ಹಳೇ ಮನೆ ನಿಂತಿದೆ. (ಹಾಗಂತ ಮುರಕಲ್ಲನ್ನು ಟ್ಯಾಂಕಿಗೆ ಹಾಕಬೇಡಿ, ಮಣ್ಣು ಬಿಡುತ್ತದೆ.)

ಒಂದು ಸಂಜೆ ಬಕೆಟ್ಟಿನ ನೀರು ಬದಲಿಸುವಾಗ ಕಮಾನಿನ ಕಲ್ಲನ್ನು ಬ್ರಷ್ ಹಾಕಿ ಉಜ್ಜಿದೆ. ಮೇಲಿನ ಪದರ ಹೋದ ಮೇಲೆ ಏನೋ ಗೆರೆ ಕಂಡಿತು. ಮಾವ ಸರ್ಕ್ಯೂಟ್ ಬೋರ್ಡು ನೋಡಲು ಇಟ್ಟುಕೊಂಡಿದ್ದ ಕಣ್ಣಿನ ಭೂತಗನ್ನಡಿ ತಂದು ನೋಡಿದೆ. ಪುಟ್ಟ ಪುಟ್ಟ ಬಟ್ಟಲುಗಳು, ಪ್ರತಿಯೊಂದರಲ್ಲೂ ನಡುವಿನಿಂದ ಅಂಚಿಗೆ ಚಕ್ರದ ಕಡ್ಡಿಗಳ ಹಾಗೆ ಗೋಡೆಗಳು. ಒಂದೊಂದು ಬಟ್ಟಲಿನಲ್ಲೂ ಒಂದು ಹವಳದ ಹುಳು ಬದುಕಿತ್ತು. ಟ್ಯಾಂಕಿನ ಹಳೇ ಕಲ್ಲಿನಲ್ಲೂ ಅದೇ ನಕ್ಷತ್ರ.

ಡ್ರೈ ರಾಕ್‌ನಲ್ಲಿ ಎಷ್ಟೋ ಬಗೆ ಇವೆ. ಒಣನೆಲದ ಕ್ವಾರಿಯಿಂದ ತೆಗೆದ ಪುರಾತನ ಹವಳದ ಸುಣ್ಣಕಲ್ಲಿದೆ, ಸಿಮೆಂಟಿನಲ್ಲಿ ಎರಕ ಹೊಯ್ದದ್ದಿದೆ, ಸೆರಾಮಿಕ್ ಇದೆ. ನನ್ನದು ಅದ್ಯಾವುದೂ ಅಲ್ಲ. ಹೊಟ್ಟೆಯೊಳಗೆ ಇನ್ನೂ ಕೊಳೆಯಲು ಮಾಂಸ ಉಳಿದಿತ್ತು ಅಂದರೆ ಅದು ಸಮುದ್ರ ಬಿಟ್ಟು ಬಹಳ ಕಾಲವಾಗಿರಲಿಲ್ಲ. ಲೈವ್ ರಾಕನ್ನೇ ಬಿಸಿಲಿಗೆ ಹಾಕಿ ಒಣಗಿಸಿದರೆ ಡ್ರೈ ರಾಕ್. ಬಿಲ್ಲೂ ಸಿಗುತ್ತದೆ. ಕಾಯ್ದೆಗೆ ಮಾತ್ರ ಒಣಗಿದ್ದು, ಹಸಿಯದು ಅಂತ ವ್ಯತ್ಯಾಸ ಇಲ್ಲ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಲಾಕೆಟ್ ಗಲಾಟೆ ಆಯಿತಲ್ಲ, ಕತ್ತಿನಲ್ಲಿ ಹಾಕಿಕೊಂಡವರೆಲ್ಲ ಹುಲಿ ಹೊಡೆದವರೇನಲ್ಲ. ಇಟ್ಟುಕೊಂಡಿದ್ದೇ ತಪ್ಪು. ಮಾವ ಬಿಲ್ ಇಲ್ಲ ಅಂತ ಬರೆದಿಟ್ಟರು. ನಾನು ಬಿಲ್ ಇದೆ ಅಂತ ಮೆಟ್ರೋದಲ್ಲಿ ಎದೆಯುಬ್ಬಿಸಿಕೊಂಡು ಬಂದೆ. ಇಬ್ಬರಲ್ಲಿ ಸುಳ್ಳು ಹೇಳಿಕೊಂಡವಳು ನಾನೇ.

ಆ ಬಕೆಟ್ ಈಗ ಟೆರೇಸಿನಲ್ಲಿದೆ. ಮಾರುವ ಹಾಗಿಲ್ಲ, ಯಾರಿಗೂ ಕೊಡುವ ಹಾಗಿಲ್ಲ, ಕಸಕ್ಕೆ ಹಾಕಲು ಮನಸ್ಸಿಲ್ಲ. ಸಮುದ್ರಕ್ಕೆ ಬಿಟ್ಟು ಬರೋಣ ಅಂದರೆ ಟ್ಯಾಂಕಿನ ಯಾವ ರೋಗ, ಯಾವ ಪಾಚಿ ಅದರ ಜೊತೆ ಹೋಗುತ್ತದೋ. ಅರಣ್ಯ ಇಲಾಖೆಯ ನಂಬರ್ ಎರಡು ಸಲ ಹುಡುಕಿದ್ದೇನೆ, ಎರಡು ಸಲವೂ ಡಯಲ್ ಮಾಡಿಲ್ಲ. ಮಾಡಿದರೆ ಟ್ಯಾಂಕಿನ ಹದಿನಾಲ್ಕು ಕೆಜಿಯ ಬಗ್ಗೆಯೂ ಹೇಳಬೇಕು. ಒಂಬತ್ತು ವರ್ಷದಿಂದ ಆ ಕಲ್ಲೇ ಮೇಡಂ, ಪ್ಯೂನಪ್ಪರನ್ನು ಉಸಿರಾಡಿಸುತ್ತಿರುವುದು. ಇದನ್ನು ಬರೆದು ನಾನೇ ಸಿಕ್ಕಿಹಾಕಿಕೊಳ್ಳುತ್ತಿದ್ದೇನೆ ಅಂತ ಗಂಡನ ಅಭಿಪ್ರಾಯ. ಇರಬಹುದು.

ಖಾಲಿ ಮೂಲೆಗೆ ಕಲ್ಲನ್ನು ಕೊನೆಗೆ ಮನೆಯಲ್ಲೇ ಮಾಡಿದೆವು. ಅಮ್ಮ ಊರಿಂದ ಬಸ್ಸಿಗೆ ಒಂದು ಚೀಲ ಚಿಪ್ಪು ಹಾಕಿ ಕಳಿಸಿದರು, ಒಂದು ಕಾಲದಲ್ಲಿ ನಮ್ಮ ಕಡೆ ಸುಣ್ಣದ ಗೂಡಿಗೆ ಹೋಗುತ್ತಿದ್ದಂಥದ್ದು. ಕುಟ್ಟಿ ಪುಡಿ ಮಾಡಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಚಿಪ್ಪು, ನಡುವೆ ಹಿಡಿ ಹಿಡಿ ಕಲ್ಲುಪ್ಪು. ಗಟ್ಟಿಯಾದ ಮೇಲೆ ನೀರಿಗೆ ಹಾಕಿದರೆ ಉಪ್ಪು ಕರಗಿ ತೂತುಗಳು ಉಳಿಯುತ್ತವೆ. ಅತ್ತೆ ಕೋಡುಬಳೆ ಹಿಟ್ಟು ನಾದುವ ಹಾಗೆ ನಾದಿದರು, ಗ್ಲೌಸ್ ಹಾಕಿಸಿದ್ದಕ್ಕೆ ಗೊಣಗುತ್ತ. ಹಸಿ ಸಿಮೆಂಟಿನ ಸುಣ್ಣ ಬಿಟ್ಟು ನೀರಿನ ಪಿಎಚ್ ಹನ್ನೆರಡರ ಹತ್ತಿರ ಹೋಗುತ್ತದೆ, ಹಾಗೇ ಹಾಕಿದರೆ ಮೀನು ಬೆಂದ ಹಾಗೆ. ಒಂಬತ್ತು ವಾರ ನೆನೆಸಿ, ನೀರು ಚೆಲ್ಲಿ, ಮತ್ತೆ ನೆನೆಸಿ, ಪಿಎಚ್ ಎಂಟೂವರೆಗೆ ಇಳಿಯುವವರೆಗೆ ಕಾದೆವು. ಆಮೇಲೆ ಹಳೇ ಕಲ್ಲಿನ ಒಂದು ಚೂರಿನ ಜೊತೆ ಬೇರೆ ಬಕೆಟ್ಟಿನಲ್ಲಿ ಇನ್ನೂ ನಾಲ್ಕು ವಾರ, ಅಲ್ಲಿಯ ಬ್ಯಾಕ್ಟೀರಿಯಾ ಇದಕ್ಕೂ ಹತ್ತಲಿ ಅಂತ. ಒಂದು ಸಲಕ್ಕೆ ಒಂದೇ ತುಂಡು ಅಂತ ಅತ್ತೆಯ ಆರ್ಡರ್.

ನಿನ್ನೆ ಮೊದಲ ತುಂಡು ಹಾಕಿದೆವು. ನೋಡಲು ಚೆನ್ನಾಗಿಲ್ಲ, ಕಟ್ಟಡ ಒಡೆದಾಗ ಬೀಳುವ ಗಾರೆಯ ಹೆಂಟೆ. ರಾತ್ರಿ ಹಸಿರು ಬುಕ್ಕು ಇಳಿಸಿ ಹೊಸ ಪುಟದಲ್ಲಿ ದಿನಾಂಕ ಹಾಕಿ ಬರೆದೆ: "ಕಲ್ಲು 2 ಕೆಜಿ 300 ಗ್ರಾಂ. ಬಿಲ್ ಇಲ್ಲ." ಅತ್ತೆ ಕನ್ನಡಕ ಏರಿಸಿಕೊಂಡು ಓದಿ, ನನ್ನ ಕೈಯಿಂದ ಪೆನ್ನು ತಗೊಂಡು ಪಕ್ಕದಲ್ಲಿ ದುಂಡಗೆ "ಮನೆಯಲ್ಲೇ ಮಾಡಿದ್ದು" ಅಂತ ಸೇರಿಸಿದರು. ಆಮೇಲೆ ಗಾಜಿನ ಹತ್ತಿರ ಬಾಗಿದರು.

"ನೋಡು, ಪ್ಯೂನಪ್ಪ ಕಚ್ಚಿ ನೋಡ್ತಾವ್ನೆ."

"ಅಮೋನಿಯಾ ನೋಡ್ಲಾ ಅತ್ತೆ?"

"ನಾಳೆ ನೋಡು. ಲೈಟ್ ಆರ್ಸು ಈಗ."